9.8ರ ಜ್ವರ

ಸೋಮವಾರ ಬೆಳಿಗ್ಗೆ ನಮ್ಮ ಹುಡುಗನೊಬ್ಬ, ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಲೋಪ ಹುಡುಕುವ ಎನ್‌ಪಿಎಂ ಆಡಿಟ್ ಓಡಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡೇ ಬಂದ. "ಸರ್, ಕ್ರಿಟಿಕಲ್ ಅಂತಿದೆ. ರಿಲೀಸ್ ನಿಲ್ಲಿಸೋದಾ?" ಹುಡುಕಿದರೆ, ಟೆಸ್ಟ್ ಓಡಿಸುವ ಲೈಬ್ರರಿಯ ಹೊಟ್ಟೆಯೊಳಗಿನ ಇನ್ನೊಂದು ಲೈಬ್ರರಿ. ಪ್ರೊಡಕ್ಷನ್ ಸರ್ವರಿನ ಮುಖವನ್ನೇ ಅದು ನೋಡುವುದಿಲ್ಲ.

2018ರಲ್ಲಿ ಆಡಿಟ್ ಬಂದಾಗಿನಿಂದ ನಮ್ಮಲ್ಲೊಂದು ಅಂಕಪಟ್ಟಿ ಪಂಥ ಬೆಳೆದಿದೆ. ಆಡಿಟ್‌ನ ವಿನ್ಯಾಸವೇ ಎಡವಟ್ಟು ಎಂದು ಡೆವಲಪರ್ ಡ್ಯಾನ್ ಅಬ್ರಮೊವ್ 2021ರಲ್ಲೇ ವಾದಿಸಿ ಬರೆದರು. ಪಂಥದವರು ಓದಿದಂತಿಲ್ಲ, ಅವರು ಓದುವುದು ಕೆಂಪಕ್ಷರ ಮಾತ್ರ.

ಫೆಡೋರ್ ಇಂದುಟ್ನಿಯವರ 'ಐಪಿ' ನೋಡಿ. ಪುಟ್ಟ ಲೈಬ್ರರಿ, 2024ರಲ್ಲಿ ವಾರಕ್ಕೆ ಕೋಟಿ ಮೀರಿ ಡೌನ್‌ಲೋಡು. ವಿಳಾಸವೊಂದು ಒಳಗಿನದೋ ಹೊರಗಿನದೋ ಎಂದು ಹೇಳುವ ಫಂಕ್ಷನ್ ಅದರಲ್ಲಿದೆ. 127.0.0.1 ಕೊಟ್ಟರೆ 'ಒಳಗಿನದು' ಎನ್ನುತ್ತಿತ್ತು. ಅದನ್ನೇ ಹದಿನಾರರ ಲೆಕ್ಕದ ವೇಷ ಹಾಕಿಸಿ '0ಎಕ್ಸ್7ಎಫ್.1' ಎಂದು ಕೊಟ್ಟರೆ 'ಹೊರಗಿನದು' ಎಂದುಬಿಡುತ್ತಿತ್ತು. ತಪ್ಪೇ, ಒಪ್ಪೋಣ. ಯಾರೋ ಕೊಟ್ಟ ಕೊಂಡಿಯನ್ನು ಈ ಮಾತೊಂದನ್ನೇ ನಂಬಿ ನಿಮ್ಮ ಸರ್ವರ್ ತೆರೆಯುವುದಾದರೆ ಕಳ್ಳನಿಗೆ ಹಿತ್ತಿಲ ಬಾಗಿಲು ಸಿಕ್ಕಿದಂತೆ. ಹಾಗೆ ತೆರೆಯದವರಿಗೆ ಏನೂ ಇಲ್ಲ. ಆದರೂ ಸಿವಿಇ-2023-42282 ಎಂದು ದಾಖಲಾದ ಈ ದೋಷಕ್ಕೆ ಬಿದ್ದ ತೀವ್ರತೆಯ ಅಂಕ ಹತ್ತಕ್ಕೆ 9.8! ಫಂಕ್ಷನ್ನನ್ನು ಕರೆಯುವವರು ಯಾರು, ಏನು ಕೊಟ್ಟು ಕರೆಯುತ್ತಾರೆ ಎಂಬುದು ಆ ಅಂಕಕ್ಕೆ ಹೇಗೆ ಗೊತ್ತಾಗಬೇಕು? ಊರವರೆಲ್ಲ ಆಡಿಟ್ ಹಿಡಿದು ಬಾಗಿಲು ಬಡಿದದ್ದು ಸಾಕಾಗಿ, 2024ರ ಜೂನ್‌ನಲ್ಲಿ ಇಂದುಟ್ನಿ ರೆಪೊಸಿಟರಿಯನ್ನೇ ಆರ್ಕೈವ್ ಮಾಡಿದರು. ಗಿಟ್‌ಹಬ್ ತನ್ನ ಪಟ್ಟಿಯಲ್ಲಿ ತೀವ್ರತೆ ಇಳಿಸಿತು, ಅವರೂ ಮತ್ತೆ ತೆರೆದರು. ಬಿಟ್ಟಿ ಕೆಲಸ ಮಾಡುವವನಿಗೆ ಇಷ್ಟು ಮರ್ಯಾದೆ.

ಹಾಗಾದರೆ ನಿಜವಾದ ವಿಷ? 2018ರಲ್ಲಿ ಇನ್ನೊಂದು ಲೈಬ್ರರಿ, ಇವೆಂಟ್-ಸ್ಟ್ರೀಮ್‌ಗೆ ಹೊಸ ಮೇಂಟೇನರ್ ಒಬ್ಬ ನೆರವಿನ ಹೆಸರಲ್ಲಿ ಬಂದು, ಫ್ಲ್ಯಾಟ್‌ಮ್ಯಾಪ್-ಸ್ಟ್ರೀಮ್ ಎಂಬುದನ್ನು ಒಳಸೇರಿಸಿದ. ಕೋಪೇ ವ್ಯಾಲೆಟ್‌ನ ಬಿಟ್‌ಕಾಯಿನ್ ಮೇಲೆ ಕಣ್ಣು. ವಾರಗಟ್ಟಲೆ ಅದು ಹರಿದಾಡುತ್ತಿದ್ದರೂ ಆಡಿಟ್ ತೆಪ್ಪಗಿತ್ತು. ಕಳ್ಳ ಬಳಸಿದ್ದು ಹಳೇ ಕಾಲದ ಕ್ರಿಪ್ಟೋ ಫಂಕ್ಷನ್. ಕೋಡ್ ಓಡಿಸುವ ನೋಡ್ ಅದಕ್ಕೆ 'ಡೆಪ್ರಿಕೇಟೆಡ್' ಎಂದು ಒಂದು ಸಾಲು ಗೊಣಗಿತು. ಅದನ್ನು ಕಂಡ ಯಾರೋ ಇದೆಲ್ಲಿಂದ ಬಂತು ಎಂದು ಕೆದಕಿದರು. ಸಿಕ್ಕಿಬಿದ್ದದ್ದು ಹಾಗೆ.

ಹುಡುಗನ ಪರದೆಯಲ್ಲೂ ಅಂಥ ಸಾಲು ನಾಲ್ಕಿದ್ದವು. ತೋರಿಸಿದೆ. "ಅದು ಬಿಡಿ ಸರ್, ಯಾವಾಗ್ಲೂ ಬರುತ್ತೆ" ಎಂದ.