ವಿಶ್ವವಿದ್ಯಾಲಯ, ಕೈಗಾರಿಕೆ ಮತ್ತು ಒಂದು ಡಾಲರ್‌ನ ಪೇಟೆಂಟ್

ಕುಲಪತಿಗಳೂ ಕಂಪನಿಯ ಮುಖ್ಯಸ್ಥರೂ ನಗುನಗುತ್ತಾ ಕಡತಗಳನ್ನು ವಿನಿಮಯ ಮಾಡಿಕೊಳ್ಳುತ್ತಿರುವ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ. ಕೆಳಗೆ ‘ಜ್ಞಾನ ಹಸ್ತಾಂತರಕ್ಕೆ ಒಡಂಬಡಿಕೆ’ ಎಂಬ ಸಾಲು. ಈ ‘ಹಸ್ತಾಂತರ’ ಎಂಬ ಪದದಲ್ಲಿಯೇ ಒಂದು ತಪ್ಪು ಕಲ್ಪನೆ ಅಡಗಿದೆ. ಜ್ಞಾನವೇನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿ ಮರೆತುಬಿಡುವ ಗಂಟೇ? ಇನ್ಸುಲಿನ್‌ನ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಆದರೆ ನಮ್ಮ ತರಗತಿಗಳಲ್ಲಿ ಆ ಕಥೆಯ ಪೂರ್ವಾರ್ಧವನ್ನು ಮಾತ್ರ ಹೇಳುತ್ತೇವೆ.

ಪೂರ್ವಾರ್ಧ ನಿಮಗೆ ಗೊತ್ತಿದೆ. 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಪ್ರೊ. ಮೆಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಮೇದೋಜೀರಕ ಗ್ರಂಥಿಯ ಸಾರದಿಂದ ರಕ್ತದ ಸಕ್ಕರೆಯ ಅಂಶ ಇಳಿಯುವುದನ್ನು ತೋರಿಸಿದರು. ವರ್ಷದ ಕೊನೆಗೆ ಜೀವರಸಾಯನ ವಿಜ್ಞಾನಿ ಕಾಲಿಪ್ ಈ ತಂಡವನ್ನು ಸೇರಿದರು. 1922ರ ಜನವರಿಯಲ್ಲಿ ಅವರು ಶುದ್ಧೀಕರಿಸಿದ ಸಾರ, ಸಾವಿನಂಚಿನಲ್ಲಿದ್ದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿಹರೆಯದ ಹುಡುಗನನ್ನು ಉಳಿಸಿತು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈಗ ಉತ್ತರಾರ್ಧವನ್ನು ನೋಡಿ. ಹುಡುಗ ಚೇತರಿಸಿಕೊಂಡ ಕೆಲವೇ ವಾರಗಳಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಗದಂತಾಯಿತು. ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಲು ಹೊರಟಾಗ, ಕಾಲಿಪ್ ಅವರಿಗೆ ತಾವೇ ಕಂಡುಕೊಂಡ ವಿಧಾನದಿಂದ ಸಕ್ರಿಯ ಸಾರವನ್ನು ಮತ್ತೆ ಪಡೆಯಲಾಗಲಿಲ್ಲ! ಬೀಕರಿನಲ್ಲಿ ಸುಲಭವಾಗಿ ಹತೋಟಿಗೆ ಬರುವ ತಾಪ, ಆಮ್ಲೀಯತೆಗಳು ದೊಡ್ಡ ಪಾತ್ರೆಯಲ್ಲಿ ಹಾಗೆ ಬಗ್ಗುವುದಿಲ್ಲ. ಬರೆದಿಟ್ಟ ವಿಧಾನವೇ ಪೂರ್ಣ ಜ್ಞಾನವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1922ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯವು ಅಮೆರಿಕದ ಇಲೈ ಲಿಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಕಂಪನಿಗೆ ಒಂದು ವರ್ಷದ ಮಟ್ಟಿಗೆ ಅಮೆರಿಕದಲ್ಲಿ ಏಕೈಕ ಹಕ್ಕು. ಪ್ರತಿಯಾಗಿ ತಯಾರಿಕೆಯ ಅನುಭವವನ್ನು ಟೊರಾಂಟೊದೊಡನೆ ಹಂಚಿಕೊಳ್ಳಬೇಕು. ಕೆಲವೇ ತಿಂಗಳಲ್ಲಿ ಆ ಕಂಪನಿಯ ರಸಾಯನ ವಿಜ್ಞಾನಿ ಜಾರ್ಜ್ ವಾಲ್ಡನ್ ಒಂದು ಮುಖ್ಯ ಸುಧಾರಣೆ ತಂದರು. ಪ್ರೋಟೀನಿನ ಅಣುವಿನ ಮೇಲಿನ ಧನ ಮತ್ತು ಋಣ ವಿದ್ಯುದಾವೇಶಗಳು ಒಂದು ನಿರ್ದಿಷ್ಟ ಆಮ್ಲೀಯತೆಯಲ್ಲಿ ಸಮವಾಗುತ್ತವೆ. ಆಗ ಅದರ ದ್ರಾವ್ಯತೆ ಅತ್ಯಂತ ಕಡಿಮೆ; ಅದು ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಈ ಸಮವಿದ್ಯುತ್ ಬಿಂದುವಿನ ತತ್ತ್ವವನ್ನು ಬಳಸಿದಾಗ ಇನ್ಸುಲಿನ್ ಹೆಚ್ಚು ಶುದ್ಧವೂ ಸ್ಥಿರವೂ ಆಯಿತು. ಇಲ್ಲಿ ಜ್ಞಾನ ಹರಿದದ್ದು ಕಾರ್ಖಾನೆಯಿಂದ ವಿಶ್ವವಿದ್ಯಾಲಯದ ಕಡೆಗೆ ಎಂಬುದನ್ನು ಗಮನಿಸಿ.

ಹಕ್ಕಿನ ವಿಷಯಕ್ಕೆ ಬರೋಣ. ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರ ಜನವರಿಯಲ್ಲಿ ತಮ್ಮ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಇದನ್ನು ಬರಿಯ ತ್ಯಾಗವೆಂದು ಬಣ್ಣಿಸುವುದು ವಾಡಿಕೆ. ವಾಸ್ತವವಾಗಿ ಅದು ಮುಂದಾಲೋಚನೆಯೂ ಹೌದು. ಪೇಟೆಂಟ್ ಕೈಯಲ್ಲಿದ್ದುದರಿಂದ ಬೇರೊಬ್ಬರು ಇಡೀ ಔಷಧಿಗೆ ಬೇಲಿ ಹಾಕದಂತೆ ತಡೆಯಲು ಸಾಧ್ಯವಾಯಿತು. ವಿಶ್ವವಿದ್ಯಾಲಯದ ಇನ್ಸುಲಿನ್ ಸಮಿತಿ ತಯಾರಕರಿಗೆ ಪರವಾನಗಿ ನೀಡಿತು, ಮಾದರಿಗಳನ್ನು ಪರೀಕ್ಷಿಸಿತು. ಬ್ರಿಟನ್ನಿನಲ್ಲಿ ಆ ಹೊಣೆಯನ್ನು ವೈದ್ಯಕೀಯ ಸಂಶೋಧನಾ ಮಂಡಲಿ ಹೊತ್ತಿತು. ಡೆನ್ಮಾರ್ಕಿನ ನೊಬೆಲ್ ಪುರಸ್ಕೃತ ಶರೀರಕ್ರಿಯಾ ವಿಜ್ಞಾನಿ ಆಗಸ್ಟ್ ಕ್ರೋಗ್ 1922ರಲ್ಲಿ ಸ್ವತಃ ಟೊರಾಂಟೊಗೆ ಹೋಗಿ ಅನುಮತಿ ಪಡೆದರು. ಮರುವರ್ಷವೇ ಅಲ್ಲಿಯೂ ತಯಾರಿಕೆ ಆರಂಭವಾಯಿತು. ಸಹಯೋಗದ ಜಾಲವೆಂದರೆ ಇದು. ಇಲ್ಲಿ ಕಾಗದಗಳ ಜೊತೆಗೆ ಜನರೂ ಓಡಾಡಿದರು.

ಹಾಗೆಂದು ಇದನ್ನು ಕುಂದಿಲ್ಲದ ಮಾದರಿಯೆಂದು ಹೊಗಳುವಂತಿಲ್ಲ. ಲಿಲ್ಲಿ ಕಂಪನಿ ವಾಲ್ಡನ್ ವಿಧಾನಕ್ಕೆ ತನ್ನದೇ ಪೇಟೆಂಟ್ ಕೋರಿತು. ಔಷಧಿಯನ್ನು ‘ಐಲೆಟಿನ್’ ಎಂಬ ತನ್ನ ಹೆಸರಿನಲ್ಲಿ ಮಾರಿತು. ಟೊರಾಂಟೊಗೆ ಇವೆರಡೂ ಹಿಡಿಸಲಿಲ್ಲ. ಇದೇ ತತ್ತ್ವವನ್ನು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರೂ ಸ್ವತಂತ್ರವಾಗಿ ಕಂಡುಕೊಂಡಿದ್ದು ಟೊರಾಂಟೊದ ವಾದಕ್ಕೆ ಬಲ ನೀಡಿತು. ಇನ್ನೊಂದು ಮಿತಿಯೂ ಉಂಟು. ಒಂದು ಡಾಲರಿನ ಪೇಟೆಂಟ್ ಮೂಲ ವಿಧಾನಕ್ಕಷ್ಟೇ ಅನ್ವಯಿಸಿತು. ಮುಂದೆ ಬಂದ ಹೊಸ ಬಗೆಯ ಇನ್ಸುಲಿನ್‌ಗಳಿಗೆ ಹೊಸ ಪೇಟೆಂಟುಗಳು ಬಂದವು. ತಯಾರಿಕೆ ಬಹುಮಟ್ಟಿಗೆ ಮೂರು ದೊಡ್ಡ ಕಂಪನಿಗಳ ಕೈಸೇರಿತು. ಅಮೆರಿಕದಲ್ಲಿ ಬೆಲೆ ಎಷ್ಟು ಏರಿತೆಂದರೆ ರೋಗಿಗಳು ಡೋಸ್ ಕಡಿಮೆ ಮಾಡಿಕೊಳ್ಳುವಂತಾಯಿತು. ಸಾರ್ವಜನಿಕ ಒತ್ತಡದ ನಡುವೆ 2023ರಲ್ಲಿ ಆ ಕಂಪನಿಗಳು ಬೆಲೆ ಇಳಿಕೆಯನ್ನು ಘೋಷಿಸಿದವು. ಒಮ್ಮೆ ತೋರಿದ ಔದಾರ್ಯ ಮುಂದಿನ ನೂರು ವರ್ಷಗಳನ್ನು ಕಾಯಲಾರದು.

ನಮ್ಮ ಮಾತೇನು? ಅಮೆರಿಕದ 1980ರ ಬೇ-ಡೋಲ್ ಕಾಯಿದೆಯು ಸರ್ಕಾರದ ಹಣದಿಂದಾದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ನೀಡಿತು. ಅದನ್ನೇ ಹೋಲುವ ಮಸೂದೆ 2008ರಲ್ಲಿ ನಮ್ಮ ರಾಜ್ಯಸಭೆಯಲ್ಲಿ ಮಂಡನೆಯಾಗಿ, ಟೀಕೆಗಳ ನಂತರ 2014ರಲ್ಲಿ ಹಿಂತೆಗೆಯಲ್ಪಟ್ಟಿತು. ಮಸೂದೆ ಹೋದರೂ ಒಡಂಬಡಿಕೆಗಳನ್ನೂ ಪೇಟೆಂಟುಗಳನ್ನೂ ಎಣಿಸಿ ಸಾಧನೆಯನ್ನು ಅಳೆಯುವ ಚಾಳಿ ಹೋಗಿಲ್ಲ.

ಆದ್ದರಿಂದ ನಿಮ್ಮ ಕಾಲೇಜಿಗೂ ಅಂತಹ ಒಡಂಬಡಿಕೆ ಬಂದರೆ ಮೂರು ಪ್ರಶ್ನೆ ಕೇಳಿ. ಕಾರ್ಖಾನೆ ಕಲಿತದ್ದು ತರಗತಿಗೆ ಮರಳುತ್ತದೆಯೆ? ವಿದ್ಯಾರ್ಥಿಯ ಫಲಿತಾಂಶವನ್ನು ಪ್ರಕಟಿಸಲು ಸ್ವಾತಂತ್ರ್ಯವಿದೆಯೆ? ಒಬ್ಬರ ಏಕೈಕ ಹಕ್ಕು ಎಂದಿಗೆ ಮುಗಿಯುತ್ತದೆ? ಈ ಮೂರಕ್ಕೂ ಕಡತದಲ್ಲಿ ಸ್ಪಷ್ಟ ಉತ್ತರವಿಲ್ಲದಿದ್ದರೆ ಅಲ್ಲಿ ವಿನಿಮಯವಾದದ್ದು ಕಾಗದ ಮಾತ್ರ. ಶಿಕ್ಷಕರೇ, ಮುಂದಿನ ಸಲ ಇನ್ಸುಲಿನ್ ಪಾಠ ಮಾಡುವಾಗ ಉತ್ತರಾರ್ಧವನ್ನೂ ಹೇಳಿ. ನಾಳೆ ಅಂತಹ ಕಡತಗಳಿಗೆ ಸಹಿ ಹಾಕುವವರು ಇಂದು ನಿಮ್ಮ ಎದುರಿನ ಬೆಂಚುಗಳಲ್ಲೇ ಕುಳಿತಿದ್ದಾರೆ.