ಹೇಳದೆ ಉಳಿದ ಕರ್ತೃ: ಕನ್ನಡ ದೆವ್ವದ ಚಿತ್ರಗಳ ಶೀರ್ಷಿಕೆಗಳ ವ್ಯಾಕರಣ

ಸಾರಾಂಶ: ದೆವ್ವದ ಚಿತ್ರವೊಂದಕ್ಕೆ ಯಾವ ಶೀರ್ಷಿಕೆ ಒಪ್ಪುತ್ತದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಪದಗಳ ಆಯ್ಕೆಯ ಪ್ರಶ್ನೆಯೆಂದು ತಿಳಿಯಲಾಗಿದೆ. ಇದು ಮೊದಲಿಗೆ ವ್ಯಾಕರಣದ ಪ್ರಶ್ನೆ ಎಂಬುದು ಈ ಬರಹದ ವಾದ. 1979ರಿಂದ 2025ರವರೆಗಿನ ಕೆಲವು ಕನ್ನಡ ಶೀರ್ಷಿಕೆಗಳನ್ನು ಬದಲಿ ಪರೀಕ್ಷೆಗೆ ಒಡ್ಡಿ, ಪುರುಷ, ಕಾಲ ಮತ್ತು ಸೂಚಕ ಪದಗಳು ಭಯವನ್ನು ಹೇಗೆ ಕಟ್ಟುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೀಲಿಪದಗಳು: ಶೀರ್ಷಿಕೆ, ಸೂಚಕ, ನಿಷೇಧರೂಪ, ನಿಷಿದ್ಧ ನಾಮ, ದೆವ್ವದ ಚಿತ್ರ

1. ಪ್ರಶ್ನೆಯ ಸ್ವರೂಪ

ಕನ್ನಡ ಸಿನಿಮಾ ಶೀರ್ಷಿಕೆಗಳನ್ನು ಕುರಿತ ಚರ್ಚೆ ಹೆಚ್ಚಾಗಿ ಎರಡು ನೆಲೆಗಳಲ್ಲಿ ನಡೆಯುತ್ತದೆ. ಇಂಗ್ಲಿಷ್ ಹೆಸರು ಸಲ್ಲುವುದೇ ಎಂಬುದು ಒಂದು. ಹೆಸರು ಜನರ ಬಾಯಲ್ಲಿ ನಿಲ್ಲುವುದೇ ಎಂಬುದು ಇನ್ನೊಂದು. ಎರಡೂ ಕಡೆ ಶೀರ್ಷಿಕೆಯನ್ನು ಒಂದು ಚೀಟಿಯಂತೆ ನೋಡಲಾಗುತ್ತದೆ. ಆದರೆ ಶೀರ್ಷಿಕೆ ಒಂದು ಉಕ್ತಿಯೂ ಹೌದು. ಉಕ್ತಿಯೆಂದ ಮೇಲೆ ಅದನ್ನು ಆಡಿದವರು ಯಾರು, ಆಡಿದ್ದು ಯಾರಿಗೆ, ಯಾವಾಗ ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಬೇರೆ ಬಗೆಯ ಚಿತ್ರಗಳಲ್ಲಿ ಈ ಪ್ರಶ್ನೆಗಳಿಗೆ ಅಷ್ಟು ಮಹತ್ವವಿಲ್ಲದಿರಬಹುದು. ದೆವ್ವದ ಚಿತ್ರದಲ್ಲಿ ಇವೇ ಕಥೆಯ ಪ್ರಶ್ನೆಗಳು: ಮಾತನಾಡುತ್ತಿರುವುದು ಯಾರು, ಅದಕ್ಕೆ ಬೇಕಾದವರು ಯಾರು, ಅದು ಎಂದಿನದು?

ಫ್ರೆಂಚ್ ವಿಮರ್ಶಕ ಜೆರಾರ್ ಜೆನೆತ್ 1987ರಲ್ಲಿ ಶೀರ್ಷಿಕೆಗಳನ್ನು ಕೃತಿಯ ವಸ್ತುವನ್ನು ಹೇಳುವವು ಮತ್ತು ಕೃತಿಯನ್ನೇ ಕುರಿತು ಹೇಳುವವು ಎಂದು ವಿಂಗಡಿಸಿದ. ಈ ವಿಂಗಡಣೆ ಉಪಯುಕ್ತವಾದರೂ ಅದು ಶೀರ್ಷಿಕೆ ಏನನ್ನು ಹೆಸರಿಸುತ್ತದೆ ಎಂಬಲ್ಲಿಗೆ ನಿಲ್ಲುತ್ತದೆ. ನಮ್ಮ ಆಸಕ್ತಿಯಿರುವುದು ಶೀರ್ಷಿಕೆ ಏನನ್ನು ಹೆಸರಿಸದೆ ಬಿಡುತ್ತದೆ ಎಂಬುದರಲ್ಲಿ. ಇದಕ್ಕೆ ನಾವು ಬಳಸುವ ಸಾಧನ ಭಾಷಾವಿಜ್ಞಾನದ ಹಳೆಯ ಬದಲಿ ಪರೀಕ್ಷೆ: ಶೀರ್ಷಿಕೆಯ ಒಂದು ರೂಪವನ್ನು ಬದಲಿಸಿ, ಕಳೆದುಹೋದದ್ದೇನು ಎಂದು ನೋಡುವುದು. ಗಲ್ಲಾಪೆಟ್ಟಿಗೆಯ ಗೆಲುವನ್ನು ನಾವು ಪುರಾವೆಯಾಗಿ ಬಳಸುವುದಿಲ್ಲ. ಚಿತ್ರ ಗೆಲ್ಲುವುದಕ್ಕೆ ಶೀರ್ಷಿಕೆಯಾಚೆಗೂ ಹಲವು ಕಾರಣಗಳಿರುತ್ತವೆ.

2. ದೆವ್ವ, ದೈವ, ಭೂತ

ಮೊದಲು ನಾಮಪದಗಳನ್ನು ನೋಡೋಣ. ‘ದೆವ್ವ’ ಎಂಬುದು ‘ದೈವ’ದ ತದ್ಭವ. ತತ್ಸಮ ಪೂಜೆಗೆ ಸಂದಿತು, ತದ್ಭವ ಭಯಕ್ಕೆ ಸಂದಿತು. ‘ಭೂತ’ದ ಕಥೆ ಇನ್ನೂ ತೊಡಕಿನದು. ಪಂಚಭೂತದಲ್ಲಿ ಅದು ಧಾತು, ಭೂತಕಾಲದಲ್ಲಿ ಅದು ಕಳೆದುದು, ಹುಣಸೆಮರದಲ್ಲಿ ಅದು ಪಿಶಾಚಿ, ತುಳುನಾಡಿನಲ್ಲಿ ಅದು ಊರು ಕಾಯುವ ಶಕ್ತಿ. ಈ ಪದವನ್ನು ಶೀರ್ಷಿಕೆಯಲ್ಲಿಟ್ಟ ಮಾತ್ರಕ್ಕೆ ಚಿತ್ರದ ಬಗೆ ನಿಶ್ಚಯವಾಗುವುದಿಲ್ಲ. 1974ರ ‘ಭೂತಯ್ಯನ ಮಗ ಅಯ್ಯು’ ಹಳ್ಳಿಯ ಸಿಟ್ಟು ಮತ್ತು ಮನಃಪರಿವರ್ತನೆಯ ಕಥೆ, ಅಲ್ಲಿ ದೆವ್ವವಿಲ್ಲ. 2022ರ ಮಲಯಾಳಂ ಚಿತ್ರ ‘ಭೂತಕಾಲಂ’ ಇದೇ ಶ್ಲೇಷೆಯನ್ನು ದುಡಿಸಿಕೊಂಡಿತು: ಕಳೆದ ಕಾಲವೇ ಪೀಡೆ. ಕನ್ನಡಕ್ಕೂ ಅಷ್ಟೇ ಸಹಜವಾಗಿ ಒದಗುವ ಶ್ಲೇಷೆ ಅದು.

ಆದರೆ ಆಡುಮಾತಿನಲ್ಲಿ ಭಯದ ವಸ್ತುವನ್ನು ಹೆಸರಿಸುವ ರೂಢಿಯೇ ಕಡಿಮೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವನ್ನು ಹಾವೆನ್ನದೆ ‘ಹುಳ’ ಎನ್ನುವುದುಂಟು. ಕಚ್ಚಿದರೆ ‘ಹುಳ ಮುಟ್ಟಿತು’ ಎನ್ನುತ್ತಾರೆ. ಸಿಡುಬಿಗೆ ‘ಅಮ್ಮ’ ಎಂದು ಹೆಸರು. ದೆವ್ವಕ್ಕೆ ‘ಗಾಳಿ’ ಎಂಬ ಹೆಸರಿದೆ. ಇನ್ನೂ ಮುಖ್ಯವಾದದ್ದು ‘ಮೆಟ್ಟಿಕೊಂಡಿದೆ’, ‘ಸೋಕಿದೆ’, ‘ಮೈಮೇಲೆ ಬಂದಿದೆ’ ಎಂಬ ವಾಕ್ಯಗಳ ರಚನೆ. ಇವುಗಳಲ್ಲಿ ಕರ್ತೃಪದವಿಲ್ಲ. ಕ್ರಿಯಾಪದದ ನಪುಂಸಕ ಏಕವಚನ ಪ್ರತ್ಯಯ ಮಾತ್ರ ಏನೋ ಒಂದು ಇದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಕರ್ತೃವನ್ನು ಬಿಡಲು ಕನ್ನಡ ವಾಕ್ಯರಚನೆ ಅವಕಾಶ ಕೊಡುತ್ತದೆ. ನಿಷಿದ್ಧ ನಾಮದ ಕಟ್ಟಳೆ ಆ ಅವಕಾಶವನ್ನು ಬಳಸಿಕೊಂಡಿದೆ.

ಇಂಗ್ಲಿಷಿನ ‘ಇಟ್’ ಎಂಬ ಶೀರ್ಷಿಕೆಯನ್ನು ಇಲ್ಲಿ ಹೋಲಿಸಬಹುದು. ಸ್ಟೀಫನ್ ಕಿಂಗ್ 1986ರ ಕಾದಂಬರಿಗೆ ಕೊಟ್ಟ ಈ ಹೆಸರೇ 2017ರ ಚಿತ್ರಕ್ಕೂ ಬಂತು. ಇದನ್ನು ಕನ್ನಡಕ್ಕೆ ತರಲು ಹೊರಟರೆ ‘ಅದು’ ಮತ್ತು ‘ಇದು’ಗಳ ನಡುವೆ ಒಂದನ್ನು ಆರಿಸಲೇಬೇಕು. ಅಂದರೆ ದೆವ್ವ ದೂರದಲ್ಲಿದೆಯೇ ಹತ್ತಿರದಲ್ಲಿದೆಯೇ ಎಂದು ಶೀರ್ಷಿಕೆಯೇ ತೀರ್ಮಾನಿಸಬೇಕು. ಇಂಗ್ಲಿಷ್ ಕೇಳದ ಪ್ರಶ್ನೆಯನ್ನು ಕನ್ನಡ ಕೇಳುತ್ತದೆ. ಇದನ್ನು ನಾವು ಕೊರತೆಯೆಂದು ಎಣಿಸುವುದಿಲ್ಲ.

3. ‘ನಾ ನಿನ್ನ ಬಿಡಲಾರೆ’

ವಿಜಯ್ ನಿರ್ದೇಶಿಸಿ, ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ, ಮೈಸೂರಿನ ಸೋದರರಾದ ರಾಜನ್–ನಾಗೇಂದ್ರ ಸಂಗೀತ ಕೊಟ್ಟ 1979ರ ಈ ಚಿತ್ರದ ಶೀರ್ಷಿಕೆ ನಮ್ಮ ಚರ್ಚೆಗೆ ತಿರುಳು. ಮೂರೇ ಪದಗಳ ಪೂರ್ಣ ವಾಕ್ಯವಿದು. ಭಯವನ್ನು ಸೂಚಿಸುವ ಪದ ಒಂದೂ ಇದರಲ್ಲಿಲ್ಲ.

‘ಬಿಡಲಾರೆ’ ಎಂಬಲ್ಲಿ ‘ಆರ್’ ಧಾತುವಿಗೆ ಪುರುಷಪ್ರತ್ಯಯ ನೇರವಾಗಿ ಸೇರಿದೆ. ಹಳಗನ್ನಡದಿಂದ ಬಂದ ಈ ನಿಷೇಧರೂಪದಲ್ಲಿ ಕಾಲಪ್ರತ್ಯಯವಿಲ್ಲ. ಆದ್ದರಿಂದ ಈ ಮಾತು ಇಂದಿಗೂ ನಾಳೆಗೂ, ಸತ್ತ ಮೇಲೂ ಸಲ್ಲುತ್ತದೆ. ಇದನ್ನು ‘ನಾ ನಿನ್ನ ಬಿಡುವುದಿಲ್ಲ’ ಎಂದು ಬದಲಿಸಿದರೆ ಉಳಿಯುವುದು ಬರಿಯ ಬೆದರಿಕೆ. ‘ಬಿಡಲಾರೆ’ಯಲ್ಲಿ ಇರುವುದು ಅಸಾಮರ್ಥ್ಯ: ಬಿಡುವ ಶಕ್ತಿ ನನಗಿಲ್ಲ. ಬೆದರಿಕೆ ಹಾಕುವವರೊಡನೆ ಒಪ್ಪಂದ ಮಾಡಿಕೊಳ್ಳಬಹುದು, ಬಿಡಲು ಆಗದವರೊಡನೆ ಏನು ಒಪ್ಪಂದ? ಪ್ರೀತಿ ಮತ್ತು ಪೀಡೆ ಒಂದೇ ಕ್ರಿಯಾರೂಪದಲ್ಲಿ ಕೂಡುವುದು ಇಲ್ಲಿ.

ಎರಡನೆಯದು ಲಿಂಗ. ಕನ್ನಡದ ಉತ್ತಮ ಮತ್ತು ಮಧ್ಯಮ ಪುರುಷಗಳು ಲಿಂಗವನ್ನು ತೋರವು. ಚಿತ್ರದಲ್ಲಿ ನಾಯಕನನ್ನು ಬೆನ್ನುಹತ್ತುವ ಹೆಣ್ಣಿನ ಪ್ರೇತವಿದೆ, ಅವನನ್ನು ಉಳಿಸಿಕೊಳ್ಳಲು ಹೆಣಗುವ ಹೆಂಡತಿಯಿದ್ದಾಳೆ. ಶೀರ್ಷಿಕೆಯನ್ನು ಈ ಮೂವರಲ್ಲಿ ಯಾರ ಬಾಯಿಗೆ ಬೇಕಾದರೂ ಹಾಕಬಹುದು. ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಅಧ್ಯಯನದಲ್ಲಿ ಉತ್ತಮ, ಮಧ್ಯಮ ಪುರುಷಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಅವು ಮಾತಿನಲ್ಲಿ ಪಾತ್ರವಹಿಸುವವರನ್ನಷ್ಟೆ ತೋರಿಸುತ್ತವೆ ಎಂದು ವಿವರಿಸಿದ್ದಾರೆ. ‘ನಾ’ ಮತ್ತು ‘ನಿನ್ನ’ ಇಲ್ಲಿ ಬರಿದಾದ ಎರಡು ಪಾತ್ರಗಳು. ಶೀರ್ಷಿಕೆಯನ್ನು ಓದಿದ ಪ್ರೇಕ್ಷಕ ತಾನೇ ‘ನಿನ್ನ’ದ ಜಾಗದಲ್ಲಿ ನಿಂತುಬಿಡುತ್ತಾನೆ.

ಇದೇ ಕಥೆ 1981ರಲ್ಲಿ ಹಿಂದಿಗೆ ಹೋದಾಗ ಹೆಸರು ‘ಮಂಗಳಸೂತ್ರ’ ಆಯಿತು. ಬದಲಾವಣೆಗೆ ವ್ಯಾಕರಣವೇ ಕಾರಣವೆಂದು ನಾವು ವಾದಿಸುವುದಿಲ್ಲ. ಆದರೆ ಹಿಂದಿಯಲ್ಲಿ ಮೂಲದ ವಾಕ್ಯವನ್ನು ಇಡಲು ಹೊರಟರೆ ‘ನಹೀಂ ಛೋಡ್ ಸಕತಾ’ ಅಥವಾ ‘ನಹೀಂ ಛೋಡ್ ಸಕತೀ’ ಎಂದು ಆಡುವವರ ಲಿಂಗವನ್ನು ಹೇಳಲೇಬೇಕಾಗುತ್ತದೆ. ಮೂಲದ ಸಂದಿಗ್ಧತೆ ಅಲ್ಲಿಗೆ ಮುಗಿಯುತ್ತದೆ. ‘ಮಂಗಳಸೂತ್ರ’ವಂತೂ ತೀರ್ಪನ್ನು ಮೊದಲೇ ಹೆಂಡತಿಯ ಕಡೆಗೆ ಬರೆದುಬಿಟ್ಟಿದೆ.

4. ಒಂದು ಕಥೆ, ನಾಲ್ಕು ಹೆಸರು

ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993) ಕನ್ನಡದಲ್ಲಿ ‘ಆಪ್ತಮಿತ್ರ’ (2004), ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಆಯಿತು. ಮಲಯಾಳಂ ಬೀಗವನ್ನು ಹೆಸರಿಸಿತು, ತಮಿಳು ಕಥೆಯ ನರ್ತಕಿಯನ್ನು, ಹಿಂದಿ ದಾರಿತಪ್ಪಿಸುವ ಕಟ್ಟಡವನ್ನು, ಕನ್ನಡ ಬಿಡುಗಡೆ ಮಾಡುವವನನ್ನು. ‘ಮಣಿಚಿತ್ರತ್ತಾಳ್’ ಒಂದು ಪ್ರಶ್ನೆಯನ್ನು ಎತ್ತುತ್ತದೆ: ಬೀಗದ ಹಿಂದೆ ಏನಿದೆ? ‘ಚಂದ್ರಮುಖಿ’ ಒಬ್ಬಳ ಹೆಸರನ್ನು ಕೊಟ್ಟು ಗುರುತನ್ನು ತಡೆಹಿಡಿಯುತ್ತದೆ. ‘ಆಪ್ತಮಿತ್ರ’ದಲ್ಲಿ ತಡೆಹಿಡಿದದ್ದು ಏನೂ ಇಲ್ಲ, ಅದು ನಾಯಕನಟನ ಸ್ಥಾನವನ್ನು ಸಾರುವ ಹೆಸರು.

ಆದರೂ ಅದರಲ್ಲೊಂದು ಸೂಕ್ಷ್ಮವಿದೆ. ಮನಃಶಾಸ್ತ್ರದ ಕನ್ನಡ ಪರಿಭಾಷೆಯಲ್ಲಿ ‘ಆಪ್ತಸಲಹೆ’, ‘ಆಪ್ತಸಮಾಲೋಚನೆ’ ಎಂಬ ಮಾತುಗಳು ಬಳಕೆಯಲ್ಲಿವೆ. ವಿಷ್ಣುವರ್ಧನ್ ಇಲ್ಲಿ ಮನೋವೈದ್ಯನ ಪಾತ್ರದಲ್ಲಿದ್ದಾರೆ. ನಾಗವಲ್ಲಿಯದು ದೆವ್ವವಲ್ಲ, ಕಾಯಿಲೆ ಎಂಬ ಉತ್ತರದ ಸುಳಿವು ‘ಆಪ್ತ’ದಲ್ಲಿ ಅಡಗಿದೆ. ಅಂದರೆ ಭಯದ ಚಿತ್ರಕ್ಕೆ ಅದು ದುರ್ಬಲ ಶೀರ್ಷಿಕೆ, ಚಿಕಿತ್ಸೆಯ ಕಥೆಗೆ ಒಪ್ಪುವ ಶೀರ್ಷಿಕೆ. 2010ರ ‘ಆಪ್ತರಕ್ಷಕ’ಕ್ಕೆ ಬರುವ ಹೊತ್ತಿಗೆ ‘ಆಪ್ತ’ ಸರಣಿಯ ಗುರುತಾಗಿ ಮಾತ್ರ ಉಳಿದಿತ್ತು. ಅದರ ತೆಲುಗು ರೂಪ ‘ನಾಗವಲ್ಲಿ’ ಎಂದು ಪೀಡಿಸುವವಳ ಹೆಸರಿಗೆ ಮರಳಿದ್ದು ಗಮನಾರ್ಹ.

5. ಪದವಲ್ಲದ ಶೀರ್ಷಿಕೆಗಳು

ಉಪೇಂದ್ರ ನಿರ್ದೇಶನದ 1993ರ ಚಿತ್ರದ ಹೆಸರು ‘ಶ್’. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತ. ಎರವಲು ಪದಗಳಿಗೂ ನಾವು ಕೊನೆಗೊಂದು ಉಕಾರ ಕೊಟ್ಟು ಕಾರು, ಬಸ್ಸು ಮಾಡಿಕೊಂಡಿದ್ದೇವೆ. ಸ್ವರವೇ ಇಲ್ಲದ ‘ಶ್’ ಕನ್ನಡದ ಪದವಾಗಲಾರದು. ಅದು ಸದ್ದನ್ನು ತಡೆಯುವ ಸದ್ದು. ಜೊತೆಗೆ ಅದೊಂದು ವಿಧಿ: ಕೇಳುವವರನ್ನು ಮಧ್ಯಮ ಪುರುಷದ ಜಾಗಕ್ಕೆ ತಳ್ಳಿ ಸುಮ್ಮನಿರಿಸುತ್ತದೆ. ಅಕ್ಷರವಿನ್ಯಾಸದ ದೃಷ್ಟಿಯಿಂದಲೂ ಇದು ಅಪರೂಪದ ಆಯ್ಕೆ. ರೋಮನ್ ಲಿಪಿಯಲ್ಲಿ ಈ ಸದ್ದನ್ನು ತೋರಿಸಲು ಅಕ್ಷರಗಳನ್ನು ಸಾಲಾಗಿ ಮತ್ತೆ ಮತ್ತೆ ಬರೆಯುತ್ತಾರೆ. ಕನ್ನಡದಲ್ಲಿ ತಲೆಕಟ್ಟನ್ನು ಕಳೆದುಕೊಂಡ ಒಂದೇ ಅಕ್ಷರ ಆ ಕೆಲಸ ಮಾಡುತ್ತದೆ. ಭಿತ್ತಿಪತ್ರಗಳಲ್ಲಿ ಅಕ್ಷರಗಳಿಂದ ರಕ್ತ ತೊಟ್ಟಿಕ್ಕಿಸುವ ರೂಢಿಗಿಂತ ಈ ಅರ್ಧಾಕ್ಷರದ ಪರಿಣಾಮ ಹೆಚ್ಚಿನದು.

2013ರ ‘6-5=2’ ಇನ್ನೊಂದು ಬಗೆ. ಚಾರಣಕ್ಕೆ ಹೋದ ಆರು ಮಂದಿಯ ಕಥೆಗೆ ಇದು ಸುಳ್ಳು ಲೆಕ್ಕದ ಹೆಸರು. ಇಂಗ್ಲಿಷಿನಲ್ಲಿ ಓದಿದರೆ ಬರಿಯ ಗಣಿತ. ಶಾಲೆಯ ಕನ್ನಡದಲ್ಲಿ ಓದಿದರೆ ‘ಆರರಲ್ಲಿ ಐದು ಕಳೆದರೆ ಎರಡು’. ‘ಕಳೆ’ ಎಂಬ ಧಾತುವಿಗೆ ವ್ಯವಕಲನವೂ ಅರ್ಥ, ಇಲ್ಲವಾಗಿಸಿಕೊಳ್ಳುವುದೂ ಅರ್ಥ. ಉಳಿಯಬೇಕಾದದ್ದು ಒಬ್ಬರು, ಉಳಿದದ್ದು ಇಬ್ಬರು. ಹೆಚ್ಚಾದ ಆ ಒಂದಕ್ಕೆ ಹೆಸರಿಲ್ಲ. ಇಲ್ಲಿಯೂ ಕರ್ತೃವನ್ನು ಹೇಳದೆ ಬಿಡಲಾಗಿದೆ.

ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989), ‘ಉತ್ಕರ್ಷ’ (1990), ‘ನಿಷ್ಕರ್ಷ’ (1993) ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅವು ಅಮೂರ್ತ ಸಂಸ್ಕೃತ ನಾಮಪದಗಳು. ಬುದ್ಧಿಯಿಂದ ಬಿಡಿಸಬಹುದಾದ ರಹಸ್ಯಕ್ಕೆ ತಕ್ಕವು. ದೆವ್ವದ ಚಿತ್ರಕ್ಕೆ ಅಂಥ ಹೆಸರು ಇಟ್ಟರೆ ಭಯ ಪ್ರಮೇಯವಾಗುತ್ತದೆ.

6. ‘ನಾಳೆ ಬಾ’

ಇದುವರೆಗಿನ ವಾದಕ್ಕೆ ಅತ್ಯುತ್ತಮ ಉದಾಹರಣೆ ಸಿನಿಮಾದಿಂದಲ್ಲ, ಬಾಗಿಲುಗಳಿಂದ ಬಂದದ್ದು. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಊರುಗಳಲ್ಲಿ, ಮನೆಯವರ ದನಿಯಲ್ಲಿ ಕರೆಯುವ ದೆವ್ವವನ್ನು ಹಿಂದೆ ಕಳಿಸಲು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಯಾಕೊಬ್ಸನ್ ‘ಶಿಫ್ಟರ್’ ಎಂದು ಕರೆದ, ಆಡುವ ಸಂದರ್ಭ ಬದಲಾದಂತೆ ಗುರಿ ಬದಲಾಗುವ ಪದಗಳಲ್ಲಿ ‘ನಾಳೆ’ ಒಂದು. ಬರೆದಿಟ್ಟಾಗ ಅದು ಪ್ರತಿದಿನವೂ ಒಂದು ದಿನ ಮುಂದೆ ಸರಿಯುತ್ತದೆ. ‘ಇಂದು ನಗದು, ನಾಳೆ ಸಾಲ’ ಎಂಬ ಅಂಗಡಿ ಫಲಕದ ಯುಕ್ತಿಯೂ ಇದೇ. ‘ಬರಬೇಡ’ ಎಂದರೆ ಜಗಳ. ‘ನಾಳೆ ಬನ್ನಿ’ ಎಂದರೆ ಅತಿಥಿ ಸತ್ಕಾರ. ‘ನಾಳೆ ಬಾ’ ಎಂದರೆ ಸಾಲಗಾರನ ಸಬೂಬು. ದೆವ್ವವನ್ನು ಏಕವಚನದಲ್ಲಿ, ನೆರೆಯವರಂತೆ ಮಾತಾಡಿಸಲಾಗಿದೆ, ಆದರೆ ಹೆಸರಿಸಿಲ್ಲ.

2018ರ ಹಿಂದಿ ಚಿತ್ರ ‘ಸ್ತ್ರೀ’ಯಲ್ಲಿ ಇದೇ ಬಗೆಯ ಗೋಡೆಬರಹ ‘ಓ ಸ್ತ್ರೀ ಕಲ್ ಆನಾ’ ಎಂದಿದೆ. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ‘ಆನಾ’ ಎಂಬ ಭಾವರೂಪವೇ ಮುಂದೂಡಿದ ವಿಧಿಯನ್ನು ಸೂಚಿಸುತ್ತದೆ. ಚಿತ್ರದ ಹೆಸರಿಗೆ ಮಾತ್ರ ಸಂಬೋಧನೆಯಷ್ಟೇ ಬಂತು, ಕ್ರಿಯಾಪದ ಹೊರಗುಳಿಯಿತು.

7. ನಾಮಪದದ ಕಾಲ

ಕ್ರಿಯಾಪದ ಹೊರಗುಳಿಯುವ ಈ ಪ್ರವೃತ್ತಿಯೇ ನಮ್ಮ ಆತಂಕದ ವಿಷಯ. ಚಿತ್ರವೊಂದು ಏಕಕಾಲಕ್ಕೆ ನಾಲ್ಕೈದು ಭಾಷೆಗಳಲ್ಲಿ ಒಂದೇ ಹೆಸರಿನಿಂದ ತೆರೆ ಕಾಣಬೇಕಾದಾಗ, ವಿಭಕ್ತಿಯಾಗಲಿ ಪುರುಷಪ್ರತ್ಯಯವಾಗಲಿ ಇರುವ ಹೆಸರು ಅಡ್ಡಿಯಾಗುತ್ತದೆ. ಎಲ್ಲ ಲಿಪಿಗಳಲ್ಲೂ ಹಾಗೆಯೇ ನಿಲ್ಲುವುದು ಬೋಳು ನಾಮಪದ: ಒಂದೋ ಇಂಗ್ಲಿಷಿನದು, ‘ಯು ಟರ್ನ್’ (2016) ಇದ್ದಂತೆ, ಇಲ್ಲವೇ ಸಂಸ್ಕೃತದ್ದು, ‘ಕಾಂತಾರ’ (2022) ಇದ್ದಂತೆ.

ಇವು ಕೆಟ್ಟ ಶೀರ್ಷಿಕೆಗಳಲ್ಲ. ದಿನನಿತ್ಯದ ಸಂಚಾರ ಫಲಕದ ಮಾತನ್ನು ‘ಯು ಟರ್ನ್’ ಸತ್ತವರ ಮರಳುವಿಕೆಗೆ ತಿರುಗಿಸಿತು. ದೊಡ್ಡ ಕಾಡು, ದುರ್ಗಮ ದಾರಿ ಎಂಬ ಅರ್ಥದ ‘ಕಾಂತಾರ’ ಕಾಡನ್ನು ಹೆಸರಿಸಿ ದೈವವನ್ನು ಹೆಸರಿಸದೆ ಉಳಿಸಿತು. ‘ಭೂತ’ ಎಂದಿದ್ದರೆ ಘಟ್ಟದ ಮೇಲಿನವರಿಗೆ ಅದು ಪಿಶಾಚಿಯಾಗಿ ಕೇಳಿಸುತ್ತಿತ್ತು. ‘ಒಂದು ದಂತಕಥೆ’ ಎಂಬ ಅಡಿಬರಹ, ಜೆನೆತ್‌ನ ವಿಂಗಡಣೆಯಂತೆ, ಕೃತಿಯನ್ನೇ ಕುರಿತು ಹೇಳಿ ಪ್ರೇಕ್ಷಕನನ್ನು ಕೇಳುಗನನ್ನಾಗಿಸಿತು. ಆದರೆ ಈ ಎರಡು ಹೆಸರುಗಳೂ ಯಾರನ್ನೂ ಮಾತಾಡಿಸುವುದಿಲ್ಲ.

ನಮ್ಮ ವಾದಕ್ಕೆ ಬಲವಾದ ಎದುರು ಉದಾಹರಣೆ 2025ರ ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡ್ ನಿರ್ದೇಶನದ ಈ ಕರಾವಳಿಯ ಹಾಸ್ಯಚಿತ್ರದಲ್ಲಿ ದೆವ್ವದ ಗುರುತು ‘ಸುಲೋಚನ ಫ್ರಮ್ ಸೋಮೇಶ್ವರ’. ಕನ್ನಡದ ಕ್ರಮದಲ್ಲಿ ಊರು ಮೊದಲು, ಹೆಸರು ಆಮೇಲೆ: ‘ಸೋಮೇಶ್ವರದ ಸುಲೋಚನ’. ಇಂಗ್ಲಿಷ್ ಉಪಸರ್ಗ ಆ ಕ್ರಮವನ್ನು ತಿರುಗಿಸಿ, ದೆವ್ವಕ್ಕೆ ಮದುವೆಮನೆಯ ಪರಿಚಯದ ಧಾಟಿ ಕೊಟ್ಟಿದೆ. ಹೆಸರುಗಳನ್ನು ಮೊಟಕುಗೊಳಿಸಿದ್ದು ಮಾತ್ರ ಅಪ್ಪಟ ಕನ್ನಡದ ರೀತಿ: ತೀ.ನಂ.ಶ್ರೀ., ಪು.ತಿ.ನ. ಎಂಬಲ್ಲಿರುವಂತೆ ಮೊದಲ ಅಕ್ಷರ ತನ್ನ ಸ್ವರದೊಡನೆ ಉಳಿದಿದೆ. ಕ್ರಿಯಾಪದವಿಲ್ಲದೆಯೂ ಇದು ಗುಟ್ಟನ್ನು ಅರ್ಧ ಹೇಳಿ ಅರ್ಧ ಉಳಿಸಿಕೊಳ್ಳುತ್ತದೆ. ಮಲಯಾಳಂ, ತೆಲುಗು ಅವತರಣಿಕೆಗಳಿಗೂ ಅದೇ ಹೆಸರು ಉಳಿಯಿತು. ಆದ್ದರಿಂದ ಸ್ಥಳೀಯ ರಚನೆ ಗಡಿ ದಾಟಲಾರದು ಎಂಬ ಮಾರುಕಟ್ಟೆಯ ನಂಬಿಕೆಯನ್ನು ನಿಯಮವೆಂದು ಒಪ್ಪಬೇಕಿಲ್ಲ.

8. ಶೀರ್ಷಿಕೆ ಆರಿಸುವವರಿಗೆ, ಅಧ್ಯಯನ ಮಾಡುವವರಿಗೆ

ದೆವ್ವದ ಚಿತ್ರಕ್ಕೆ ಹೆಸರು ಹುಡುಕುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಮಾತನ್ನು ಆಡುತ್ತಿರುವವರು ಯಾರೆಂಬುದು ಅನಿಶ್ಚಿತವಾಗಿ ಉಳಿದಿದೆಯೇ? ಭಯದ ಪದವಿಲ್ಲದೆ ಇದು ಮನೆಮಾತಿನಲ್ಲಿ ಸಹಜವಾಗಿ ಬರುತ್ತದೆಯೇ? ಚಿತ್ರ ನೋಡಿದ ಮೇಲೆ ಅದೇ ಮಾತನ್ನು ಮನೆಯಲ್ಲಿ ಯಾರಾದರೂ ಆಡಿದರೆ ಮೊದಲಿನಂತೆ ಕೇಳಿಸುತ್ತದೆಯೇ? ‘ನಾ ನಿನ್ನ ಬಿಡಲಾರೆ’ ಮೂರರಲ್ಲೂ ನಿಲ್ಲುತ್ತದೆ. ತಮಿಳು, ತೆಲುಗುಗಳ ಉತ್ತಮ ಪುರುಷವೂ ಲಿಂಗವನ್ನು ತೋರದ ಕಾರಣ ಅಂಥ ವಾಕ್ಯ ಕನಿಷ್ಠ ಈ ನೆರೆಭಾಷೆಗಳಿಗೆ ಹಾನಿಯಿಲ್ಲದೆ ಹೋಗಬಲ್ಲದು.

ಅಧ್ಯಯನದ ಕೆಲಸ ಇನ್ನೂ ಬಾಕಿಯಿದೆ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನಿರ್ಮಾಪಕರು ಶೀರ್ಷಿಕೆಗಳನ್ನು ನೋಂದಾಯಿಸುತ್ತಾರೆ. ಬಿಡುಗಡೆಯಾದವನ್ನಷ್ಟೇ ಅಲ್ಲದೆ ನೋಂದಣಿಯಲ್ಲಿ ಉಳಿದವನ್ನೂ ಸೇರಿಸಿ, ಪ್ರತಿ ಶೀರ್ಷಿಕೆಯನ್ನು ಪೂರ್ಣವಾಕ್ಯ, ವಿಧಿರೂಪ, ಸಮಾಸ, ಬೋಳು ನಾಮಪದ ಎಂದು ಗುರುತುಹಾಕಿದ ದತ್ತಾಂಶ ಸಿದ್ಧವಾದರೆ, ಕ್ರಿಯಾಪದ ಹಿಂದೆ ಸರಿಯುತ್ತಿದೆ ಎಂಬ ನಮ್ಮ ಗ್ರಹಿಕೆಯನ್ನು ಒರೆಗೆ ಹಚ್ಚಬಹುದು. ಡಾಕ್ಟರೇಟ್ ಅಧ್ಯಯನಕ್ಕೆ ತಕ್ಕ ಗಾತ್ರದ, ಬಹುಶಃ ತಕ್ಕಷ್ಟು ಭಯವೂ ಇರುವ ಕೆಲಸ ಅದು.