ಓಡುವ ಫೋನಿನ ಚಾನೆಲ್: ಯಂತ್ರಕಲಿಕೆ ಗೆದ್ದದ್ದು ಯಾರ ಎದುರು?

ಮೊಬೈಲ್ ಟವರಿಗೂ ಫೋನಿಗೂ ನಡುವಿನ ರೇಡಿಯೊ ದಾರಿಗೆ ಚಾನೆಲ್ ಎನ್ನುತ್ತಾರೆ. ನೇರವಾಗಿ ಬಂದ ತರಂಗ, ಗುಡ್ಡಕ್ಕೆ ಬಡಿದು ಬಂದದ್ದು, ಶೆಡ್ಡಿನ ತಗಡಿಗೆ ತಾಗಿ ಬಂದದ್ದು ಎಲ್ಲವೂ ಫೋನಿನ ಬಳಿ ಕೂಡುತ್ತವೆ. ಒಂದು ಕಡೆ ಒಂದಕ್ಕೊಂದು ಬಲ ಕೊಟ್ಟರೆ ಇನ್ನೊಂದು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. 5ಜಿಯ 3.5 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 8.6 ಸೆಂ.ಮೀ. ಫೋನು ಅದರ ಅರ್ಧದಷ್ಟು ಸರಿದರೂ ಸಾಕು, ಲೆಕ್ಕ ಬದಲಾಗುತ್ತದೆ. ಕಿನ್ನಾಳದ ಮನೆಯಲ್ಲಿ ಕೂತು ಬೊಂಬೆಗೆ ಬಣ್ಣ ಹಚ್ಚುವವರ ಫೋನನ್ನು ಇದು ಬಾಧಿಸದು. ಆದರೆ ಕೊಪ್ಪಳ ಬಿಟ್ಟು ಗದಗದ ಕಡೆಗೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವ ರೈಲಿನ ಫೋನು 5 ಮಿಲಿಸೆಕೆಂಡಿನಲ್ಲಿ 14 ಸೆಂ.ಮೀ. ದಾಟಿರುತ್ತದೆ. ಟವರು ಅಳೆದಿಟ್ಟ ಚಾನೆಲ್ ಅಷ್ಟರಲ್ಲೇ ಹಳತು. ಅದನ್ನೇ ನಂಬಿ ಹತ್ತಾರು ಆ್ಯಂಟೆನಾಗಳಿಂದ ಕಳಿಸಿದ ಸಿಗ್ನಲ್ಲಿನ ಹೊಂದಾಣಿಕೆ ಕೆಡುತ್ತದೆ.

ಇದಕ್ಕೆ ಮದ್ದು ಮುನ್ನಂದಾಜು: ಹಿಂದಿನ ಕೆಲವು ಅಳತೆಗಳನ್ನು ನೋಡಿ ಮುಂದಿನ ಕೆಲವು ಮಿಲಿಸೆಕೆಂಡುಗಳ ಚಾನೆಲ್ ಹೇಗಿರುತ್ತದೆಂದು ಹೇಳುವುದು. 1960ರ ಕಾಲ್ಮನ್ ಶೋಧಕ ಈ ಕೆಲಸಕ್ಕೆ ಹಳೆಯ ಉಪಕರಣ. ಈಗ ಆ ಜಾಗಕ್ಕೆ 1997ರ ಎಲ್‌ಎಸ್‌ಟಿಎಂ, 2017ರ ಟ್ರಾನ್ಸ್‌ಫಾರ್ಮರ್ ಮಾದರಿಯ ಯಂತ್ರಕಲಿಕೆಯ ನರಜಾಲಗಳು ಬಂದಿವೆ. ಮೊಬೈಲ್ ಮಾನದಂಡ ರೂಪಿಸುವ 3ಜಿಪಿಪಿ ತನ್ನ 18ನೇ ಆವೃತ್ತಿಯ ಅಧ್ಯಯನದಲ್ಲಿ ಚಾನೆಲ್ ಮುನ್ನಂದಾಜನ್ನೂ ಸೇರಿಸಿಕೊಂಡಿತು.

ಸಂಶೋಧನಾ ಲೇಖನಗಳಲ್ಲಿ ನರಜಾಲ ಸಾಮಾನ್ಯವಾಗಿ ದೊಡ್ಡ ಅಂತರದಿಂದ ಗೆಲ್ಲುತ್ತದೆ. ಸೋತವರು ಯಾರೆಂದು ನೋಡಿದರೆ, ಬಹಳ ಸಲ ಅದು ಏನೂ ಊಹಿಸದೆ ಹಳೆಯ ಅಳತೆಯನ್ನೇ ಬಳಸುವ ಪದ್ಧತಿ. ಅದನ್ನು ಸೋಲಿಸುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಪರೀಕ್ಷೆಗೆ ಬಳಸುವ ದತ್ತಾಂಶದ ಕಥೆ ಇನ್ನೂ ವಿಚಿತ್ರ. ಕ್ಲಾರ್ಕ್ ಮತ್ತು ಜೇಕ್ಸ್ ಹೆಸರಿನ ಮಾದರಿಯಿಂದ ಕಂಪ್ಯೂಟರಿನಲ್ಲೇ ಚಾನೆಲ್ ಹುಟ್ಟಿಸಿ, ಅದರ ಮೇಲೆ ನರಜಾಲಕ್ಕೆ ತರಬೇತಿ ಕೊಡುವುದುಂಟು. ಆ ಮಾದರಿಯ ಚಾನೆಲ್ ಗಾಸಿಯನ್ ಸ್ವಭಾವದ್ದು, ಅಂದರೆ ಅದರ ಏರಿಳಿತ ಗಂಟೆಯಾಕಾರದ ಹಂಚಿಕೆಯನ್ನು ಪಾಲಿಸುತ್ತದೆ. ಗಾಸಿಯನ್ ಚಾನೆಲ್ಲಿಗೆ, ಅದರ ಸಂಖ್ಯಾಶಾಸ್ತ್ರ ಗೊತ್ತಿದ್ದರೆ, ಸರಾಸರಿ ವರ್ಗದೋಷವನ್ನು ಕನಿಷ್ಠಗೊಳಿಸುವ ಊಹೆ ರೇಖೀಯವೇ (ಹಿಂದಿನ ಅಳತೆಗಳಿಗೆ ತೂಕ ಕೊಟ್ಟು ಕೂಡಿಸಿದ್ದೇ) ಆಗಿರುತ್ತದೆಂಬುದು ಗಣಿತದಲ್ಲಿ ಸಿದ್ಧವಾದ ಮಾತು. ಅಂಥ ಕಣದಲ್ಲಿ ಲಕ್ಷಾಂತರ ಗುಣಾಂಕಗಳ ನರಜಾಲ ಎಷ್ಟೇ ಕಲಿತರೂ ಆ ಗೆರೆಯವರೆಗೆ ಬರಬಹುದು, ಅದನ್ನು ದಾಟಲಾರದು. ದಾಟಿದೆ ಎಂದು ಯಾರಾದರೂ ಬರೆದಿದ್ದರೆ ಹೋಲಿಕೆಗೆ ತಂದ ರೇಖೀಯ ಊಹಕವನ್ನು ಸರಿಯಾಗಿ ಹೊಂದಿಸಿಲ್ಲ ಎಂದೇ ಅರ್ಥ.

ನ್ಯಾಯವಾದ ಹೋಲಿಕೆಗಳೂ ಇವೆ. ಕೊರಿಯದ ಜುನಿಲ್ ಚೋಯ್ ಮತ್ತು ಸಂಗಡಿಗರು 2021ರಲ್ಲಿ ಕಾಲ್ಮನ್ ಶೋಧಕವನ್ನೂ ಯಂತ್ರಕಲಿಕೆಯನ್ನೂ ಎದುರುಬದುರು ನಿಲ್ಲಿಸಿದರು. ಹಳಸಿದ ಅಳತೆಗಿಂತ ಎರಡೂ ಎಷ್ಟೋ ಮೇಲು ಎಂದು ಕಂಡಿತು. ತರಬೇತಿಯೂ ಸೇರಿದರೆ ಯಂತ್ರಕಲಿಕೆಯ ಗಣನೆಯ ಖರ್ಚು ಜಾಸ್ತಿ. ತರಬೇತಿ ಮುಗಿದ ಮೇಲೆ ದಿನನಿತ್ಯದ ಖರ್ಚು ಕಾಲ್ಮನ್‌ಗಿಂತ ಕಡಿಮೆ. ಈ ಕ್ಷೇತ್ರದ ಅಬ್ಬರದ ನಡುವೆ ಇಷ್ಟು ಅಳೆದು ತೂಗಿದ ಫಲಿತಾಂಶ ಅಪರೂಪ.

ಆ ಅಗ್ಗದ ಖರ್ಚು ಉಳಿಯಬೇಕಾದರೆ ತರಬೇತಿ ಪದೇಪದೇ ಬೇಕಾಗಬಾರದು. ಕೊಪ್ಪಳ ಜಿಲ್ಲೆಯಂಥ ನೆಲದಲ್ಲಿ ಇದೇ ಕಷ್ಟ. ಗಂಗಾವತಿಯ ಸುತ್ತ ಕಲ್ಲುಗುಡ್ಡಗಳು, ಅವುಗಳ ಬುಡದಲ್ಲಿ ಭತ್ತದ ಗದ್ದೆ. ನಾಟಿಯ ಹೊತ್ತಿಗೆ ನೀರು ನಿಂತ ಗದ್ದೆ ತರಂಗವನ್ನು ಪ್ರತಿಫಲಿಸುವ ರೀತಿಯೇ ಬೇರೆ, ಕೊಯ್ಲಾಗಿ ಒಣಗಿದ ಗದ್ದೆಯದೇ ಬೇರೆ. ಗಿಣಿಗೇರಿಯಲ್ಲಿ ಕಬ್ಬಿಣದ ಕಾರ್ಖಾನೆಗಳ ದೊಡ್ಡ ಶೆಡ್ಡುಗಳು. ಯಲಬುರ್ಗಾ, ಕುಷ್ಟಗಿ ಕಡೆಯ ಬಯಲಲ್ಲಿ ಗಾಳಿಯಂತ್ರಗಳು. ಅವುಗಳ ತಿರುಗುವ ರೆಕ್ಕೆ ತನ್ನದೇ ಡಾಪ್ಲರ್ ಪಲ್ಲಟವನ್ನು, ಅಂದರೆ ಚಲನೆಯಿಂದ ತರಂಗದ ಆವರ್ತನದಲ್ಲಾಗುವ ಬದಲಾವಣೆಯನ್ನು, ಸೇರಿಸುತ್ತದೆ. 3ಜಿಪಿಪಿಯ ಚಾನೆಲ್ ಮಾದರಿಗಳಲ್ಲಿ ‘ಗ್ರಾಮೀಣ’ ಎಂಬ ಬಗೆಯೇನೋ ಇದೆ, ಆದರೆ ಜಗತ್ತಿನ ಹಳ್ಳಿಗಳಿಗೆಲ್ಲ ಅದೊಂದೇ ಅಚ್ಚು. ಆ ಅಚ್ಚಿನಲ್ಲಿ ಕಲಿತದ್ದು ಹೆದ್ದಾರಿ 50ರ ಬಸ್ಸಿನಲ್ಲಿ ಎಷ್ಟು ನಿಲ್ಲುತ್ತದೆಂಬುದನ್ನು ಬಸ್ಸಿನಲ್ಲೇ ಅಳೆಯಬೇಕು. ತಮಾಷೆಯೆಂದರೆ, ಬಯಲುಸೀಮೆಯ ಬಹುಭಾಗದಲ್ಲಿ ಟವರಿನಿಂದ ನೇರ ದಾರಿ ಪ್ರಬಲ, ಉಳಿದ ದಾರಿಗಳು ಕೆಲವೇ. ಅಲ್ಲಿ ಸಾದಾ ಶೋಧಕವೇ ಸಲೀಸಾಗಿ ಊಹಿಸುತ್ತದೆ. ನರಜಾಲದ ನಿಜವಾದ ಅಗತ್ಯ ಬೀಳುವುದು ಗುಡ್ಡದ ಸಂದು, ಕಾರ್ಖಾನೆಯ ಪಕ್ಕದಂಥ ಸಿಕ್ಕಿನ ಜಾಗಗಳಲ್ಲಿ. ಅಲ್ಲೇ ತರಬೇತಿಯ ದತ್ತಾಂಶ ಕಡಿಮೆ.

ಸಮಸ್ಯೆಯನ್ನೇ ಬೇರೆ ಕಡೆಯಿಂದ ಹಿಡಿಯುವ ದಾರಿಯೂ ಉಂಟು. 2017ರಲ್ಲಿ ರಾನಿ ಹದಾನಿ ಮತ್ತು ಸಹೋದ್ಯೋಗಿಗಳು ಮಂಡಿಸಿದ ಓಟಿಎಫ್‌ಎಸ್ ವಿಧಾನದಲ್ಲಿ ಚಾನೆಲ್ಲನ್ನು ವಿಳಂಬ ಮತ್ತು ಡಾಪ್ಲರ್‌ಗಳ ನಕ್ಷೆಯಾಗಿ ನೋಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಚೊಕ್ಕಲಿಂಗಂ ಅವರ ತಂಡ ಇದರ ಮೇಲೆ ಬಹಳಷ್ಟು ಕೆಲಸ ಮಾಡಿದೆ. ಗುಡ್ಡವೊಂದರಿಂದ ಬಂದ ಪ್ರತಿಫಲನ ಆ ನಕ್ಷೆಯಲ್ಲಿ ಒಂದು ಚುಕ್ಕೆ. ರೈಲು ಓಡುತ್ತಿದ್ದರೂ ಚುಕ್ಕೆ ನಿಧಾನವಾಗಿ ಸರಿಯುವುದರಿಂದ ಊಹೆ ಹಗುರವಾಗುತ್ತದೆ. ಈಗಿನ 5ಜಿ ಒಎಫ್‌ಡಿಎಂ ಎಂಬ ಬೇರೆ ವಿಧಾನದ ಮೇಲೆ ನಿಂತಿರುವುದರಿಂದ ಇದು ತಕ್ಷಣಕ್ಕೆ ಒದಗದು.

ಎಲ್ಲ ವೇಗದ ವಾಹನಕ್ಕೂ ಈ ಕಸರತ್ತು ಬೇಕಾಗಿಲ್ಲ. ಭಾರತೀಯ ರೈಲ್ವೆಗೆ ತನ್ನ ಸುರಕ್ಷತಾ ಸಂವಹನಕ್ಕಾಗಿ 2021ರಲ್ಲಿ ಸಿಕ್ಕಿದ್ದು 700 ಮೆಗಾಹರ್ಟ್ಸ್ ಪಟ್ಟಿಯ 5 ಮೆಗಾಹರ್ಟ್ಸ್. ಅಲ್ಲಿ ತರಂಗದ ಉದ್ದ ಸುಮಾರು 43 ಸೆಂ.ಮೀ. ಅದೇ ರೈಲು, ಅದೇ ವೇಗ, ಆದರೆ ಡಾಪ್ಲರ್ ಪಲ್ಲಟ 3.5 ಗಿಗಾಹರ್ಟ್ಸ್‌ನಲ್ಲಿ ಆಗುವುದರ ಐದನೇ ಒಂದು ಪಾಲು.